ಮೊದಲ ವಾಕ್ಚಿತ್ರಕ್ಕೆ ಹಾಡು ಬರೆದ ಕವಿ

ಹಾಡೊಂದು ಜನರ ನಾಲಗೆಯ ಮೇಲೆ ನಿಂತಿತೆಂದರೆ ಹಾಡಿದವರ ಹೆಸರು ಮನೆಮಾತಾಗುತ್ತದೆ. ರಾಗ ಕೂಡಿಸಿದವರನ್ನೂ ಬಲ್ಲವರು ನೆನೆಯುತ್ತಾರೆ. ಬರೆದವರು ಯಾರೆಂದು ಕೇಳುವವರು ಮಾತ್ರ ವಿರಳ. ಕನ್ನಡದ ಮೊದಲ ವಾಕ್ಚಿತ್ರಕ್ಕೆ ಹಾಡುಗಳನ್ನು ರಚಿಸಿದ ಬೆಳ್ಳಾವೆ ನರಹರಿ ಶಾಸ್ತ್ರಿಗಳಿಗೂ ಈ ಪಾಡು ತಪ್ಪಲಿಲ್ಲ.

ಶಾಸ್ತ್ರಿಗಳು ಹುಟ್ಟಿದ್ದು 1882ರಲ್ಲಿ. ಅವರ ಹೆಸರಿನೊಡನೆ ಬೆರೆತುಹೋಗಿರುವ ಬೆಳ್ಳಾವೆ ತುಮಕೂರು ಜಿಲ್ಲೆಯ ಊರು. ಅದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ನಾಟಕ ಕಂಪೆನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಆ ಕಂಪೆನಿಗೆ ನಾಟಕಗಳನ್ನು ಬರೆದುಕೊಟ್ಟವರಲ್ಲಿ ಶಾಸ್ತ್ರಿಗಳು ಪ್ರಮುಖರು. ಅವರ ‘ಶ್ರೀ ಕೃಷ್ಣಲೀಲೆ’ ಕಂಪೆನಿಗೆ ಕೀರ್ತಿಯನ್ನೂ ಪ್ರೇಕ್ಷಕರನ್ನೂ ತಂದ ನಾಟಕ.

ಕಂಪೆನಿ ನಾಟಕಕ್ಕೆ ಹಾಡು ಕಟ್ಟುವುದು ಸುಲಭದ ಕೆಲಸವೆಂದು ಯಾರೂ ಭಾವಿಸಬಾರದು. ಅಂದಿನ ರಂಗಭೂಮಿಯಲ್ಲಿ ನಟನೇ ಗಾಯಕ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಅವನ ಕಂಠ ಕೊನೆಯ ಸಾಲಿನಲ್ಲಿ ಕುಳಿತವರನ್ನೂ ಮುಟ್ಟಬೇಕಾಗಿತ್ತು. ಉಸಿರು ನಿಲ್ಲಿಸುವ ಎಡೆಯಲ್ಲಿ ಪದ ಮುಗಿಯಬೇಕು. ಆಲಾಪನೆ ಬೆಳೆಯುವ ಎಡೆಯಲ್ಲಿ ದೀರ್ಘಸ್ವರ ಒದಗಬೇಕು. ಒತ್ತಕ್ಷರಗಳ ಪೊದೆಯಲ್ಲಿ ರಾಗ ಸಿಕ್ಕಿಕೊಳ್ಳಬಾರದು. ಮರಾಠಿ ಮತ್ತು ಪಾರ್ಸಿ ಕಂಪೆನಿಗಳ ಮಟ್ಟುಗಳಿಗೆ ಜನ ಮರುಳಾಗಿದ್ದ ಕಾಲವಾದ್ದರಿಂದ, ಮೊದಲೇ ಸಿದ್ಧವಾಗಿದ್ದ ಮಟ್ಟಿಗೆ ಕನ್ನಡದ ಮಾತನ್ನು ಹೊಂದಿಸುವ ಹೊಣೆಯೂ ನಾಟಕಕವಿಗಳ ಮೇಲೆ ಬೀಳುತ್ತಿತ್ತು. ಸಭೆ ‘ಒನ್ಸ್ ಮೋರ್’ ಎಂದು ಕೂಗಿದರೆ ಮಡಿದು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಮಡಿಯಬೇಕಾಗಿದ್ದ ದಿನಗಳವು! ಇಷ್ಟರ ನಡುವೆಯೂ ಕಥೆಯ ಎಳೆ ಕಡಿಯದಂತೆ, ಪಾತ್ರದ ಘನತೆ ಕುಂದದಂತೆ ಬರೆಯುವುದರಲ್ಲಿತ್ತು ಕವಿಯ ಜಾಣ್ಮೆ. ಪಂಡಿತರು ಇಂಥ ಹಾಡುಗಳನ್ನು ಕಾವ್ಯವೆಂದು ಎಣಿಸಲು ಹಿಂಜರಿದುದುಂಟು. ಆದರೆ ಓದುಬರಹ ಬಾರದ ಜನಕ್ಕೆ ಪುರಾಣದ ಸಾರವನ್ನೂ ತಾಯ್ನುಡಿಯ ಸವಿಯನ್ನೂ ಒಂದೇ ಎಲೆಯಲ್ಲಿ ಬಡಿಸಿದ ಪುಣ್ಯ ಇವುಗಳಿಗೆ ಸಲ್ಲಬೇಕು.

1931ರಲ್ಲಿ ‘ಆಲಂ ಆರಾ’ ಬಂದು ಭಾರತದ ಚಲನಚಿತ್ರ ಬಾಯಿಬಿಟ್ಟು ಮಾತನಾಡಿತು. ಕನ್ನಡಕ್ಕೂ ಆ ಭಾಗ್ಯ ಬರಬೇಕೆಂದು ಮುಂದೆ ಬಂದವರು ಬೆಂಗಳೂರಿನ ವರ್ತಕ ಚಮನ್‌ಲಾಲ್ ಡೂಂಗಾಜಿ. ಚಿತ್ರ ‘ಸತಿ ಸುಲೋಚನಾ’, ನಿರ್ದೇಶಕರು ವೈ. ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಸಂಭಾಷಣೆಯನ್ನೂ ಹಾಡುಗಳನ್ನೂ ಬರೆಯುವ ಹೊಣೆ ಐವತ್ತರ ಗಡಿ ದಾಟಿದ್ದ ನರಹರಿ ಶಾಸ್ತ್ರಿಗಳ ಹೆಗಲಿಗೆ ಬಂತು.

ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಹಿನ್ನೆಲೆ ಗಾಯನದ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ನಟನಟಿಯರು ಕ್ಯಾಮೆರಾದ ಎದುರಿನಲ್ಲಿಯೇ ಅಭಿನಯಿಸುತ್ತ ಹಾಡಬೇಕಾಗಿತ್ತು. ಹಾಡುವವನ ಉಸಿರನ್ನು ಅರಿತು ಪದವಿಡುವ ವಿದ್ಯೆಯನ್ನು ರಂಗಭೂಮಿಯಲ್ಲಿ ಕಲಿತಿದ್ದ ಕವಿಗಿಂತ ಇದಕ್ಕೆ ತಕ್ಕವರು ಬೇರಾರಿದ್ದರು? 1934ರ ಮಾರ್ಚ್ 3ರಂದು ಚಿತ್ರ ಬೆಂಗಳೂರಿನಲ್ಲಿ ತೆರೆ ಕಂಡಿತು. ಬೆಳ್ಳಿತೆರೆ ಮೊದಲ ಬಾರಿಗೆ ಕನ್ನಡದಲ್ಲಿ ಹಾಡಿತು.

ಆ ಹಾಡುಗಳನ್ನು ಚಿತ್ರದಲ್ಲಿ ಕೇಳುವ ಭಾಗ್ಯ ಇಂದು ನಮಗಿಲ್ಲ. ‘ಸತಿ ಸುಲೋಚನಾ’ದ ಪ್ರತಿ ಉಳಿದು ಬಂದಿಲ್ಲ. ಆ ಕಾಲದ ಫಿಲಂ ಸುರುಳಿಗಳು ಬೇಗ ಹತ್ತಿ ಉರಿಯುವಂಥವು, ಜೋಪಾನ ತಪ್ಪಿದರೆ ತಾವೇ ಕೊಳೆತು ಪುಡಿಯಾಗುವಂಥವು. ಶಾಸ್ತ್ರಿಗಳು 1961ರಲ್ಲಿ ಕಾಲವಾದರು. ಕನ್ನಡದ ಮೊದಲ ಮಾತಿನ ಚಿತ್ರವೇ ಮೂಕವಾಗಿದೆ!

ಆದರೂ ಒಂದು ಆಸೆಗೆ ಎಡೆಯುಂಟು. ಆಗೆಲ್ಲ ನಾಟಕದ ಟೆಂಟುಗಳ ಬಳಿಯೂ ಚಿತ್ರಮಂದಿರಗಳ ಬಾಗಿಲಲ್ಲಿಯೂ ಹಾಡಿನ ಪುಸ್ತಕಗಳನ್ನು ಮಾರುತ್ತಿದ್ದರು. ಕಾಸಿಗೆ ಕೊಂಡ ಆ ತೆಳುವಾದ ಪುಸ್ತಕಗಳನ್ನು ನೋಡಿ ಹಾಡಿಕೊಂಡ ಅಜ್ಜಿಯರೆಷ್ಟೋ, ಸಂದೂಕದಲ್ಲಿ ಜೋಪಾನ ಮಾಡಿದ ತಾತಂದಿರೆಷ್ಟೋ! ವಾಚಕರಲ್ಲಿ ಒಂದು ಬಿನ್ನಹ: ಅಟ್ಟದ ಹಳೆಯ ಕಾಗದಗಳನ್ನು ರದ್ದಿಯವನ ತಕ್ಕಡಿಗೆ ಸುರಿಯುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಅಂಥ ಪುಸ್ತಕ ಕೈಗೆ ಸಿಕ್ಕರೆ ಮೊದಲ ಪುಟದಲ್ಲಿ ಕವಿಯ ಹೆಸರನ್ನು ಓದಿ, ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಕ್ಕೋ ಒಪ್ಪಿಸಿ. ಸುರುಳಿ ಉಳಿಸಿಕೊಡದ ಮಾತನ್ನು ಕಾಗದವಾದರೂ ಉಳಿಸಿಕೊಟ್ಟೀತು.