ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಓಲಾಡುವ ದೋಣಿ, ಬೈನಾಕ್ಯುಲರ್ ಗಾಜಿನ ಮೇಲೆ ಉಪ್ಪುನೀರಿನ ಹನಿ. ಅಲೆಗಳ ನಡುವೆ ಗುಬ್ಬಿಗಿಂತ ತುಸು ದೊಡ್ಡ ಕಪ್ಪು-ಬಿಳಿ ಹಕ್ಕಿಯೊಂದು ಕ್ಷಣಕಾಲ ಕಂಡು ಮರೆಯಾಗುತ್ತದೆ. ಅದು ಶತಮಾನಕ್ಕೂ ಹೆಚ್ಚು ಕಾಲದಿಂದ ಯಾರ ಕಣ್ಣಿಗೂ ಬೀಳದ ಹಕ್ಕಿ ಎಂದು ನೋಡಿದವರು ಹೇಳಿದರೆ ನಂಬುವುದು ಹೇಗೆ?

2003ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ಪಕ್ಷಿವೀಕ್ಷಕರ ಮುಂದೆ ಇದೇ ಪ್ರಶ್ನೆ ಎದ್ದಿತು. ಕೋರಮ್ಯಾಂಡಲ್ ಪರ್ಯಾಯ ದ್ವೀಪದ ಬಳಿ ಕಡಲಿನಲ್ಲಿ ಅವರು ತೆಗೆದ ಚಿತ್ರಗಳಲ್ಲಿದ್ದ ಹಕ್ಕಿ ನ್ಯೂಜಿಲೆಂಡ್ ಸ್ಟಾರ್ಮ್ ಪೆಟ್ರೆಲನ್ನು ಹೋಲುತ್ತಿತ್ತು. ಅಳಿದೇ ಹೋಗಿದೆ ಎಂದುಕೊಂಡಿದ್ದ ಆ ಹಕ್ಕಿಯದೆಂದು ಉಳಿದಿದ್ದುದು ಹತ್ತೊಂಬತ್ತನೆಯ ಶತಮಾನದ ಮೂರು ಮಾದರಿಗಳು ಮಾತ್ರ. ಅವೂ ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ. ಕಂಡವರು ಆತುರಪಡಲಿಲ್ಲ. 'ಇರಬಹುದು' ಎಂದಷ್ಟೇ ಬರೆದು ಪ್ರಕಟಿಸಿದರು.

ಈ ಎಚ್ಚರಕ್ಕೆ ಕಾರಣವಿದೆ. ಕಡಲ ಹಕ್ಕಿಗಳಲ್ಲಿ ಒಂದನ್ನೊಂದು ಹೋಲುವವು ಹಲವು. ನಮ್ಮ ಅರಬ್ಬಿ ಸಮುದ್ರದಲ್ಲೂ ಕಾಣಸಿಗುವ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್‌ನ ಹೊಟ್ಟೆ ಪೂರ್ತಿ ಕಪ್ಪು; ನ್ಯೂಜಿಲೆಂಡ್ ಹಕ್ಕಿಯ ಬಿಳಿ ಹೊಟ್ಟೆಯ ಮೇಲೆ ಕಪ್ಪು ಗೀರುಗಳಿರುತ್ತವೆ. ಹಾರುವ ಹಕ್ಕಿಯಲ್ಲಿ ಇಷ್ಟನ್ನು ಗುರುತಿಸುವುದು ಸುಲಭವಲ್ಲ.

ಆದ್ದರಿಂದಲೇ ಅಪರೂಪದ ದರ್ಶನಗಳನ್ನು ಪರಿಶೀಲಿಸಲು ಅನೇಕ ದೇಶಗಳಲ್ಲಿ ಪರಿಣತರ ಸಮಿತಿಗಳಿವೆ. ಬ್ರಿಟನ್ನಿನ ಸಮಿತಿ 1959ರಲ್ಲಿ ಆರಂಭವಾಯಿತು. ನ್ಯೂಜಿಲೆಂಡಿನಲ್ಲಿ ಈ ಕೆಲಸ 'ಬರ್ಡ್ಸ್ ನ್ಯೂಜಿಲೆಂಡ್' ಸಂಸ್ಥೆಯ ಸಮಿತಿಯದು. ದಿನಾಂಕ, ಸ್ಥಳ, ಬೆಳಕು, ದೂರ, ನೋಡಿದ ಅವಧಿ, ಬಣ್ಣ, ಹಾರುವ ರೀತಿ ಇವೆಲ್ಲವನ್ನೂ ವೀಕ್ಷಕರು ಬರೆದು ಕಳುಹಿಸಬೇಕು. ಹೋಲುವ ಬೇರೆ ಹಕ್ಕಿ ಅದಲ್ಲವೆಂದು ಹೇಗೆ ತೀರ್ಮಾನಿಸಿದಿರಿ ಎಂಬುದಕ್ಕೂ ಉತ್ತರ ಬೇಕು. ಪುಸ್ತಕ ನೋಡುವ ಮೊದಲೇ ಸ್ಥಳದಲ್ಲಿ ಬರೆದಿಟ್ಟ ಟಿಪ್ಪಣಿಗೆ ಬೆಲೆ ಹೆಚ್ಚು. ಏಕೆಂದರೆ ನೆನಪು ಪುಸ್ತಕದ ಚಿತ್ರದತ್ತ ವಾಲುತ್ತದೆ. ವರದಿಯನ್ನು ಒಪ್ಪದಿದ್ದರೆ ಕಂಡವರು ಸುಳ್ಳು ಹೇಳಿದರೆಂದು ಅರ್ಥವಲ್ಲ. ಪುರಾವೆ ಸಾಲದು ಎಂದಷ್ಟೇ.

ಪುರಾವೆ ಬೇಗನೆ ಬಂತು. 2003ರ ನವೆಂಬರಿನಲ್ಲಿ ಲಿಟಲ್ ಬ್ಯಾರಿಯರ್ ದ್ವೀಪದ ಬಳಿ ಇಂಥ ಹಲವು ಹಕ್ಕಿಗಳು ಕ್ಯಾಮೆರಾಕ್ಕೆ ಸಿಕ್ಕವು. ಮುಂದೆ ಜೀವಂತ ಹಕ್ಕಿಗಳನ್ನೇ ಹಿಡಿದು, ಅವುಗಳ ಡಿಎನ್‌ಎಯನ್ನು ಹಳೆಯ ಮಾದರಿಗಳದರೊಡನೆ ಹೋಲಿಸಲಾಯಿತು. ಎರಡೂ ಒಂದೇ ಎಂದು 2011ರಲ್ಲಿ ಪ್ರಕಟವಾಯಿತು. 2013ರಲ್ಲಿ ರೇಡಿಯೊ ಸಾಧನ ಕಟ್ಟಿದ ಹಕ್ಕಿಗಳ ಜಾಡು ಹಿಡಿದಾಗ, ಅವು ಲಿಟಲ್ ಬ್ಯಾರಿಯರ್ ದ್ವೀಪದಲ್ಲೇ ಗೂಡು ಮಾಡುತ್ತಿರುವುದು ತಿಳಿಯಿತು.

ಆ ದ್ವೀಪದಿಂದ ಬೆಕ್ಕುಗಳನ್ನು 1980ರಲ್ಲಿ, ಇಲಿಗಳನ್ನು 2004ರಲ್ಲಿ ನಿರ್ಮೂಲ ಮಾಡಲಾಗಿತ್ತು. ಈ ಪುಟ್ಟ ಹಕ್ಕಿ ಅಲ್ಲಿ ಬದುಕಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ದೋಣಿಯಲ್ಲಿ ಕದ್ದು ಬರುವ ಒಂದು ಇಲಿಯನ್ನೂ ದ್ವೀಪಕ್ಕೆ ಇಳಿಯಗೊಡದಿರಲು ಅದೂ ಒಂದು ಕಾರಣ.