ಇಡಿಂದಕರೈ ಚರ್ಚ್ ಅಂಗಳದಿಂದ ಕೋಲಾರದ ಗಣಿಗೆ

ಕೋಲಾರ: 2012ರ ನವೆಂಬರ್‌ನಲ್ಲಿ ಕೆಜಿಎಫ್ ಜನತೆ ಬೀದಿಗಿಳಿದರು. ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಇಲ್ಲಿನ ಪಾಳು ಬಿದ್ದ ಚಿನ್ನದ ಗಣಿಯಲ್ಲಿ ಇರಿಸುವ ವಿಚಾರ ಸುಪ್ರೀಂ ಕೋರ್ಟ್‌ನಲ್ಲಿ ಪ್ರಸ್ತಾಪವಾದದ್ದೇ ಇದಕ್ಕೆ ಕಾರಣ. ರಾಜ್ಯ ಸರ್ಕಾರವೂ ವಿರೋಧ ವ್ಯಕ್ತಪಡಿಸಿತು. ಅಂಥ ಯಾವುದೇ ಯೋಜನೆ ಇಲ್ಲವೆಂದು ಕೇಂದ್ರದ ಅಣುಶಕ್ತಿ ಅಧಿಕಾರಿಗಳು ಸ್ಪಷ್ಟನೆ ನೀಡಬೇಕಾಯಿತು.

ಈ ವ್ಯಾಜ್ಯದ ಹಿಂದೆ ಇದ್ದುದು ಒಂದು ಕ್ಯಾಥೊಲಿಕ್ ಮೀನುಗಾರ ಸಮುದಾಯದ ಹೋರಾಟ. ಕೂಡಂಕುಳಂ ಪಕ್ಕದ ಇಡಿಂದಕರೈನ ಜನ ಬಹುತೇಕ ಕ್ರೈಸ್ತರು. 2004ರ ಸುನಾಮಿಯನ್ನು ಕಂಡಿದ್ದ ಅವರಿಗೆ 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಆದದ್ದು ದೂರದ ಸುದ್ದಿಯಾಗಿ ಉಳಿಯಲಿಲ್ಲ. ಅದೇ ವರ್ಷ ಊರಿನ ಲೂರ್ದು ಮಾತೆಯ ಚರ್ಚ್ ಮುಂದಿನ ಚಪ್ಪರ ಉಪವಾಸ ಸತ್ಯಾಗ್ರಹದ ವೇದಿಕೆಯಾಯಿತು. ಮೀನುಗಾರ ಮಹಿಳೆಯರೇ ಹೋರಾಟದ ಬೆನ್ನೆಲುಬು. ಸಾವಿರಾರು ಜನರ ಮೇಲೆ ಮೊಕದ್ದಮೆಗಳು ಬಿದ್ದವು. ಅವುಗಳಲ್ಲಿ ರಾಜದ್ರೋಹದ ಆರೋಪವೂ ಇತ್ತು. 2012ರಲ್ಲಿ ತೂತ್ತುಕುಡಿ ಧರ್ಮಪ್ರಾಂತ್ಯಕ್ಕೆ ಸೇರಿದ ಸಂಸ್ಥೆಗಳ ವಿದೇಶಿ ದೇಣಿಗೆಯ ಮೇಲೂ ಸರ್ಕಾರ ಕ್ರಮ ಕೈಗೊಂಡಿತು.

ಸ್ಥಾವರದ ಸುರಕ್ಷತೆಯನ್ನು ಪ್ರಶ್ನಿಸಿ ಚೆನ್ನೈನ ಪರಿಸರ ಕಾರ್ಯಕರ್ತ ಜಿ. ಸುಂದರರಾಜನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಬಳಸಿದ ಇಂಧನ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಎದ್ದಾಗ ಕೋಲಾರದ ಹೆಸರು ಕೇಳಿಬಂತು.

ಆ ಹೆಸರು ಆಕಾಶದಿಂದ ಉದುರಿದ್ದಲ್ಲ. ಭೂಮಿಯೊಳಗೆ 3 ಕಿಲೋಮೀಟರ್‌ಗೂ ಹೆಚ್ಚು ಇಳಿದಿದ್ದ ಈ ಗಣಿ ವಿಜ್ಞಾನಿಗಳಿಗೆ ಹಳೆಯ ಪ್ರಯೋಗಶಾಲೆ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕಿದ್ದು ಇಲ್ಲಿಯೇ. ಅಣು ತ್ಯಾಜ್ಯದ ಶಾಖಕ್ಕೆ ಶಿಲೆ ಹೇಗೆ ವರ್ತಿಸುತ್ತದೆ ಎಂಬ ಅಧ್ಯಯನವನ್ನೂ ಅಣುಶಕ್ತಿ ವಿಜ್ಞಾನಿಗಳು ಇಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ನಡೆಸಿದ್ದರು. ಆದರೆ ಪ್ರಯೋಗ ಬೇರೆ, ಸಾವಿರಾರು ವರ್ಷಗಳ ಭಂಡಾರ ಬೇರೆ. ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ತುಂಬಿ, ದಶಕಗಳ ಕಾಲ ತಣಿಸಿ, ಬಳಿಕ ನೀರು ಹರಿಯದ ಶಿಲೆಯಲ್ಲಿ ಹುದುಗಿಸಬೇಕು. ಕೆಜಿಎಫ್ ಗಣಿಯಾದರೋ ಬಂಡೆ ಸಿಡಿತಕ್ಕೆ ಕುಖ್ಯಾತ. 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡಿದೆ.

ನೀರೆಂದರೆ ಈ ಜಿಲ್ಲೆಯಲ್ಲಿ ಸಣ್ಣ ಮಾತಲ್ಲ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೋಲಾರ, ಮಾಲೂರಿನ ತರಕಾರಿಗೂ ಶ್ರೀನಿವಾಸಪುರದ ಮಾವಿಗೂ ಮುಳಬಾಗಿಲಿನ ಹಳ್ಳಿಗಳ ಕೊಡಕ್ಕೂ ಬಹುಕಾಲದಿಂದ ಕೊಳವೆ ಬಾವಿಯೇ ಗತಿ. ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳ ದೂಳನ್ನು ಕುಡಿದವರಿಗೆ ‘ಸುರಕ್ಷಿತ’ ಎಂಬ ಪದ ಸಲೀಸಾಗಿ ಒಪ್ಪಿಗೆಯಾಗದು.

ಚರ್ಚ್‌ನ ನಿಲುವೇನು? ಅಣ್ವಸ್ತ್ರದ ಬಗ್ಗೆ ಅದು ಸ್ಪಷ್ಟ. 1963ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಅಣ್ವಸ್ತ್ರ ನಿಷೇಧಕ್ಕೆ ಕರೆ ನೀಡಿದ್ದರು. 2017ರಲ್ಲಿ ವ್ಯಾಟಿಕನ್ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿತು. 2019ರ ನವೆಂಬರ್ 24ರಂದು ಹಿರೋಶಿಮಾದಲ್ಲಿ ಪೋಪ್ ಫ್ರಾನ್ಸಿಸ್, ಬಳಕೆಯಷ್ಟೇ ಅಲ್ಲ, ಅಣ್ವಸ್ತ್ರ ಹೊಂದುವುದೂ ಅನೈತಿಕ ಎಂದರು.

ಅಣು ವಿದ್ಯುತ್ತಿನ ಮಾತು ಹಾಗಿಲ್ಲ. ಶಾಂತಿಯುತ ಬಳಕೆಯನ್ನು ಉತ್ತೇಜಿಸುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ವ್ಯಾಟಿಕನ್ 1957ರಿಂದಲೂ ಸದಸ್ಯ. ಆದರೆ ಜಪಾನಿನ ಧರ್ಮಾಧ್ಯಕ್ಷರು 2011ರಲ್ಲೇ ಎಲ್ಲ ಅಣು ಸ್ಥಾವರಗಳನ್ನು ಮುಚ್ಚಬೇಕೆಂದರು. ಜಪಾನಿನಿಂದ ಹಿಂದಿರುಗುವಾಗ ಫ್ರಾನ್ಸಿಸ್ ಕೂಡ, ಪೂರ್ಣ ಸುರಕ್ಷತೆ ಸಿಗುವವರೆಗೆ ಅಣುಶಕ್ತಿ ಬಳಸಬಾರದು ಎಂಬುದು ತಮ್ಮ ವೈಯಕ್ತಿಕ ಅಭಿಪ್ರಾಯವೆಂದರು. ಕೂಡಂಕುಳಂ ಸ್ಥಾವರ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟಿದ್ದು, ಅದನ್ನು ಬಾಂಬಿನೊಂದಿಗೆ ನೇರವಾಗಿ ತಳುಕು ಹಾಕಲಾಗದು. ಇಡಿಂದಕರೈನ ಬೆಸ್ತರು ಮುಖ್ಯವಾಗಿ ಕೇಳಿದ್ದು ತಮ್ಮ ಕಡಲು, ತಮ್ಮ ಜೀವದ ಪ್ರಶ್ನೆಯನ್ನು.

2013ರ ಮೇ 6ರಂದು ಸುಪ್ರೀಂ ಕೋರ್ಟ್ ಸ್ಥಾವರಕ್ಕೆ ಹಸಿರು ನಿಶಾನೆ ತೋರಿತು. ಜತೆಗೆ, ಬಳಸಿದ ಇಂಧನಕ್ಕೆ ಆಳದ ಶಾಶ್ವತ ಭಂಡಾರವನ್ನು ಆದಷ್ಟು ಬೇಗ ಸ್ಥಾಪಿಸುವಂತೆ ಸೂಚಿಸಿತು. ಅಂಥ ಭಂಡಾರ ದೇಶದಲ್ಲಿ ಇನ್ನೂ ಆಗಿಲ್ಲ.