ಅಮ್ಮ ಬಾಗಿಲ ಬಳಿಯ ಕುರ್ಚಿಯನ್ನೇ ಹುಡುಕುವುದೇಕೆ?

ಸಂಘದ ಕಾರ್ಯಕ್ರಮಕ್ಕೆ ಬಂದ ಅಮ್ಮ ಬಾಗಿಲ ಬಳಿಯ ಕುರ್ಚಿಯನ್ನೇ ಹುಡುಕುತ್ತಾರೆ. ಕಳಂಬೋಲಿಯಿಂದ ಊರಿಗೆ ರಾತ್ರಿ ಬಸ್ಸು ಹತ್ತುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲ. ಕೆಮ್ಮಿದರೆ, ಜೋರಾಗಿ ನಕ್ಕರೆ ಮುಖದಲ್ಲಿ ಮುಜುಗರ. ಕೇಳಿದರೆ, "ಏನಿಲ್ಲ, ವಯಸ್ಸಾಯ್ತಲ್ಲ" ಎಂಬ ಉತ್ತರ. ಯುವ ಮಿತ್ರರೇ, ನಿಮ್ಮ ಮನೆಯಲ್ಲೂ ಹೀಗಿದ್ದರೆ ಈ ನಾಲ್ಕು ಮಾತು ನಿಮಗಾಗಿ.

ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಜೋಲಿಯಂತೆ ಹೊತ್ತಿರುವ ಸ್ನಾಯುಗಳಿವೆ. ವೈದ್ಯರು ಇವನ್ನು 'ಪೆಲ್ವಿಕ್ ಫ್ಲೋರ್' ಎನ್ನುತ್ತಾರೆ. ಹೆರಿಗೆ, ಹಳೆಯ ಕೆಮ್ಮು, ಮಲಬದ್ಧತೆ, ಬೊಜ್ಜು, ಮುಟ್ಟು ನಿಂತ ನಂತರದ ಬದಲಾವಣೆಗಳಿಂದ ಇವು ಸಡಿಲವಾದರೆ ಮೂತ್ರ ಸೋರುತ್ತದೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಗಂಡಸರಿಗೂ ಈ ತೊಂದರೆಯಾಗಬಹುದು. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿದರೆ ಈ ಸ್ನಾಯುಗಳಿಗೆ ಬಲ ಬರುವುದಿಲ್ಲ. ಅವಕ್ಕೆ ಬೇಕಾದದ್ದು ವ್ಯಾಯಾಮ. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಇಂದಿಗೂ ಕೆಮ್ಮಿದಾಗ ಸೋರುವ ತೊಂದರೆಗೆ ಮೊದಲು ಸೂಚಿಸುವ ಚಿಕಿತ್ಸೆ ಇದೇ.

ಚಿಕಿತ್ಸೆಗೆ ಹೋದರೆ ಏನಾಗುತ್ತದೆ? ಮೊದಲ ದಿನ ಹೆಚ್ಚಾಗಿ ಪ್ರಶ್ನೆಗಳೇ. ಎಷ್ಟು ಹೆರಿಗೆ, ಯಾವಾಗ ಸೋರುತ್ತದೆ, ರಾತ್ರಿ ಎಷ್ಟು ಬಾರಿ ಏಳಬೇಕು? ಕುಡಿದ ನೀರು, ಮೂತ್ರಕ್ಕೆ ಹೋದ ಹೊತ್ತುಗಳನ್ನು ಮೂರು ದಿನ ಬರೆದಿಡಲು ಹೇಳಬಹುದು. ಸರಿಯಾದ ಸ್ನಾಯು ಬಿಗಿಯಾಗುತ್ತಿದೆಯೇ ಎಂದು ತಿಳಿಯಲು ಒಳಪರೀಕ್ಷೆ ಬೇಕಾಗಬಹುದು. ಅದು ಒಪ್ಪಿಗೆಯಿಂದ ಮಾತ್ರ. ಬೇಡ ಎನ್ನಲು, ಮಹಿಳಾ ಫಿಜಿಯೋಥೆರಪಿಸ್ಟ್ ಬೇಕೆನ್ನಲು ಹಕ್ಕಿದೆ.

ವ್ಯಾಯಾಮ ಸರಳ. ವಾಯುವನ್ನು ತಡೆಹಿಡಿಯುವಂತೆ ಒಳಕ್ಕೆ, ಮೇಲಕ್ಕೆ ಎಳೆದು ಕೆಲವು ಸೆಕೆಂಡು ಹಿಡಿದು, ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಸಾಮಾನ್ಯವಾಗಿ ಎಂಟು ಬಾರಿ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಕೆಮ್ಮುವ ಮುನ್ನ ಬಿಗಿಹಿಡಿಯುವುದನ್ನೂ ಕಲಿಸುತ್ತಾರೆ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಮೊದಲ ವಾರದಲ್ಲೇ ಗುಣ ಕಾಣಲಿಲ್ಲವೆಂದು ಬಿಡಲೂಬಾರದು. ಕೆಲವರಲ್ಲಿ ಸ್ನಾಯು ಅತಿಯಾಗಿ ಬಿಗಿದಿರುತ್ತದೆ, ಅವರಿಗೆ ಸಡಿಲಿಸುವುದನ್ನೇ ಕಲಿಸಬೇಕು. ಆದ್ದರಿಂದ ಪರೀಕ್ಷೆ ಮೊದಲು, ವ್ಯಾಯಾಮ ನಂತರ. ಮೂತ್ರದಲ್ಲಿ ರಕ್ತ, ಉರಿ, ಜ್ವರ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನೀರು ಬಿಡುವುದು ಉಪಾಯವಲ್ಲ. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ.

ನಿಮ್ಮ ಪಾಲಿನ ಕೆಲಸ ಇಲ್ಲಿದೆ. ದವಾಖಾನೆಯಲ್ಲಿ ಪ್ರಶ್ನೆ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತದೆ. ಅಮ್ಮನ ಸಂಕಟ ಕನ್ನಡದಲ್ಲಿದೆ. ನಡುವೆ ನಿಂತವರು ನೀವು. ಶಾಲೆಯ ದಿನಗಳಿಂದ ಅವರ ಪರವಾಗಿ ಬ್ಯಾಂಕಿನ ಫಾರಂ ತುಂಬಿದ್ದೀರಿ, ರೇಷನ್ ಕಚೇರಿಯಲ್ಲಿ ಮಾತನಾಡಿದ್ದೀರಿ. ಇದನ್ನೂ ಮಾಡಬಲ್ಲಿರಿ. "ಅಮ್ಮಾ, ಕೆಮ್ಮಿದಾಗ ಮೂತ್ರ ಸೋರುತ್ತದೆಯೇ? ಅದಕ್ಕೆ ಚಿಕಿತ್ಸೆ ಇದೆಯಂತೆ" ಎಂದು ಒಮ್ಮೆ ಕೇಳಿ. ಮಗನಿಗೆ ಸಂಕೋಚವಾದರೆ ಅಕ್ಕನೋ ಅತ್ತಿಗೆಯೋ ಜೊತೆಗಿರಲಿ, ಅಥವಾ ಅಮ್ಮ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡಿ. ಸಮೀಪದ ಕಾಮೋಠೆಯ ಎಂಜಿಎಂನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ, ಈ ವ್ಯಾಯಾಮ ಕಲಿಸುವವರು ಎಲ್ಲಿದ್ದಾರೆಂದು ವಿಚಾರಿಸಬಹುದು.

ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಅನೇಕರಿಗೆ ತೊಂದರೆ ತಗ್ಗುತ್ತದೆ, ಊರಿನ ಬಸ್ಸು ಹತ್ತುವ ಧೈರ್ಯ ಮರಳುತ್ತದೆ. "ವಯಸ್ಸಾಯ್ತಲ್ಲ" ಎಂಬ ಮಾತನ್ನು ಅಮ್ಮ ನಂಬಿದ್ದಾರೆ, ನೀವು ನಂಬಬೇಡಿ.